ದೀಪ ಕಾಯುವ ಸರದಿ

ಜುಲೈ 3, 2025, ಗುರುವಾರ

ಇವತ್ತೂ ಕಂಡಿತು. ಸ್ವಲ್ಪವೇ. ಇವರು ಏಳುವ ಮೊದಲೇ ಲಂಗ ಒಗೆದು, ಟವೆಲ್ ಕೆಳಗೆ ಮುಚ್ಚಿ ಒಣಗಲು ಹಾಕಿದೆ. ಆಮೇಲೆ ಚಹಾ, ರೊಟ್ಟಿ, ಡಬ್ಬಿ. ಕಂಟೋನ್ಮೆಂಟ್ ರಸ್ತೆಯಲ್ಲಿ ಆಟೋ ಸಿಗಲು ತಡವಾಯಿತು. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಮಾಲೀಕರು ನನ್ನನ್ನು ನೋಡಲಿಲ್ಲ, ಗಡಿಯಾರ ನೋಡಿದರು. ದಿನವಿಡೀ ಜೀನ್ಸ್ ಪ್ಯಾಂಟುಗಳ ಬಿಲ್ ಬರೆದೆ.

ವಯಸ್ಸು ಐವತ್ತೇಳು. ಮುಟ್ಟು ನಿಂತು ಒಂದೂವರೆ ವರ್ಷದ ಮೇಲಾಗಿತ್ತು. ಎಲ್ಲರಿಗೂ ಐವತ್ತರ ಆಸುಪಾಸಿಗೆ ನಿಂತರೆ ನನಗೆ ಐವತ್ತೈದು ದಾಟಿದ ಮೇಲೆ ನಿಂತಿತು. ಬಂದದ್ದು ಮಾತ್ರ ಎಲ್ಲರಿಗಿಂತ ಮೊದಲು, ಐದನೇ ಕ್ಲಾಸಿನಲ್ಲಿ. ನಡುವಿನ ಇಷ್ಟು ವರ್ಷ ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಇದು ನನ್ನ ಮಾತಲ್ಲ, ಅತ್ತೆಯ ಮಾತು. ಈಗ ಜೂನ್‌ನಿಂದ ಮತ್ತೆ ಶುರುವಾಗಿದೆ. ಉಷ್ಣ ಇರಬೇಕು. ಮಜ್ಜಿಗೆ ಕುಡಿಯುತ್ತಿದ್ದೇನೆ.

ಜುಲೈ 20, ಭಾನುವಾರ

ಕುರುಗೋಡಿಗೆ ಹೋಗಿ ಬಂದೆವು. ದಸರೆಯ ಮಾತು. ಅತ್ತೆ ಕೊಟ್ರಬಸಮ್ಮ ಹೋದ ಶ್ರಾವಣದಲ್ಲಿ ತೀರಿಕೊಂಡರು, ಅದಕ್ಕೇ ಹೋದ ವರ್ಷ ಘಟ ಇಡಲಿಲ್ಲ. ಈ ವರ್ಷ ಇಡಲೇಬೇಕು. ಘಟ ಇಟ್ಟರೆ ಒಂಬತ್ತು ದಿನವೂ ದೀಪ ಆರಬಾರದು. ಮನೆಯ ಹೆಂಗಸೊಬ್ಬಳು ಅದರ ಮುಂದೆ ಕೂರಬೇಕು, ಎಣ್ಣೆ ಹಾಕಬೇಕು, ದೇವಿಗೆ ಎಡೆ ಮಾಡಬೇಕು. ಮುಟ್ಟು ನಿಂತವಳೇ ಆಗಬೇಕು. ಇಷ್ಟು ವರ್ಷ ಅತ್ತೆ ಕೂರುತ್ತಿದ್ದರು.

ನಮ್ಮದು ಲಿಂಗ ಕಟ್ಟಿದ ಮನೆ. ಲಿಂಗವಂತರಿಗೆ ಮುಟ್ಟು ಮೈಲಿಗೆ ಇಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುತ್ತಾರೆ. ನಮ್ಮವರು ಮುಂದಿನ ಸಾಲಿನಲ್ಲೇ ಕುಳಿತು ಕೇಳಿ, ತಲೆಯಾಡಿಸಿ ಬರುತ್ತಾರೆ. ಮನೆಗೆ ಬಂದರೆ ದೇವಿಗೆ ಬೇರೆ ಕಾನೂನು.

ಮೈದುನ ಹಂಪೇಶ್ ಹೇಳಿದ, “ಹಿರೇಸೊಸಿ ಅದಾರ, ಅತ್ತಿಗೀನ ಕುಂದ್ರಲಿ.”

ಇವರು ನನ್ನ ಕಡೆ ನೋಡಿ, “ಆಗ್ತೈತೇನು ನಿನ್ನ ಕಡಿಂದ?” ಅಂದರು.

“ಆಗ್ತೈತಿ,” ಅಂದೆ. ಯೋಚನೆಯನ್ನೇ ಮಾಡಲಿಲ್ಲ. ಬಾಯಿಂದ ಬಂದುಬಿಟ್ಟಿತು.

ಹಂಪೇಶನ ಹೆಂಡತಿ ಸುನಂದಾ ಹಪ್ಪಳ ಕರಿಯುತ್ತಿದ್ದಳು. ಅವಳಿಗೂ ನಿಂತು ಮೂರು ವರ್ಷವಾಯಿತು. ನಾನಿಲ್ಲದಿದ್ದರೆ ಸರದಿ ಅವಳದು. ಮೂರು ಮಕ್ಕಳ ತಾಯಿ, ಇಷ್ಟು ವರ್ಷ ಎಲ್ಲ ಆರತಿಗೂ ಅವಳೇ ಮುಂದೆ. ಇದೊಂದರಲ್ಲಿ ನಾನು ಮುಂದೆ. ಖುಷಿಯಾಯಿತು. ದೇವರಲ್ಲಿ ನನಗೆ ಅಂಥ ಭಕ್ತಿ ಏನೂ ಇಲ್ಲ. ಆದರೂ ಬಸ್ಸಿನಲ್ಲಿ ಬರುವಾಗ ಅದೇ ತಲೆಯಲ್ಲಿ ಓಡುತ್ತಿತ್ತು.

ಆಗಸ್ಟ್ 10, ಭಾನುವಾರ

ಸಿರುಗುಪ್ಪ. ತಮ್ಮ ಜಡೆಪ್ಪನ ಮಗಳು ಬಸುರಿ, ಅವಳ ಕುಬಸ. ಹಸಿರು ಸೀರೆ, ಹಸಿರು ಬಳೆ, ಹುಡುಗಿ ಚೆನ್ನಾಗಿ ಕಾಣುತ್ತಿದ್ದಳು. ಉಡಿ ತುಂಬುವ ಹೊತ್ತಿಗೆ ಸರಿಯಾಗಿ ತಮ್ಮನ ಹೆಂಡತಿ ಬಂದು, “ಅಕ್ಕಾ, ಒಳಗ ಅನ್ನ ಸೀದೀತು, ಸ್ವಲ್ಪ ನೋಡ್ತೀರೇನ್ರಿ,” ಅಂದಳು. ಅಡುಗೆಯವರು ಮೂರು ಜನ ಇದ್ದರು. ಸಿರುಗುಪ್ಪದಲ್ಲಿ ಅನ್ನ ಮಾಡಲು ನಾನು ಬಳ್ಳಾರಿಯಿಂದ ಬರಬೇಕಾಗಿತ್ತೇ? ಎದ್ದು ಹೋದೆ. ಪ್ರತಿ ಸಲ ಎದ್ದು ಹೋಗುತ್ತೇನೆ. ನನ್ನ ತವರಿನವರು ಬಂಜೆ ಅನ್ನುವ ಮಾತನ್ನು ಇವತ್ತಿನವರೆಗೂ ಬಾಯಲ್ಲಿ ಆಡಿಲ್ಲ, ಅಷ್ಟು ಒಳ್ಳೆಯವರು.

ಅಕ್ಕಿ ಮೂಟೆ ಮೇಲೆ ಕೂತಾಗ ಸೊಂಟದ ಕೆಳಗೆ ಹಿಡಿದುಕೊಂಡಿತು. ಬಚ್ಚಲಿಗೆ ಹೋಗಿ ನೋಡಿದರೆ ಮೊದಲಿಗಿಂತ ಹೆಚ್ಚು. ವಾಪಸ್ ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಬಂದೆ.

ಆಗಸ್ಟ್ 23, ಶನಿವಾರ

ಶುಗರ್ ಚೆಕ್ ಮಾಡಿಸಲು ಹೋಗಿದ್ದೆ. ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಪೋಸ್ಟರ್. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ತಡ ಮಾಡದೆ ವೈದ್ಯರನ್ನು ಕಾಣಿ, ಅದು ಗರ್ಭಕೋಶದ ಕ್ಯಾನ್ಸರ್ ಇರಬಹುದು. ಓದಿದೆ. ಸಾಲಿನಲ್ಲಿ ನನ್ನ ಮುಂದೆ ಇದ್ದವಳೂ ಓದಿದಳು, ಅವಳು ಮುಂದಕ್ಕೆ ಸರಿದಳು. ನಾನು ಅಲ್ಲೇ ನಿಂತೆ.

ಹೆಂಗಸರ ಡಾಕ್ಟರು ಎರಡು ಬಾಗಿಲು ಆಚೆ ಇದ್ದರು. ಹೋಗಿ ಹೇಳಿದ್ದರೆ ಸ್ಕ್ಯಾನ್ ಅನ್ನುತ್ತಾರೆ, ಗಂಡನನ್ನು ಕರೆದುಕೊಂಡು ಬನ್ನಿ ಅನ್ನುತ್ತಾರೆ. ಇವರಿಗೆ ಗೊತ್ತಾದರೆ ಹಂಪೇಶನಿಗೆ ಗೊತ್ತಾಯಿತು ಅಂತಲೇ ಲೆಕ್ಕ. ದೀಪಕ್ಕೆ ಸುನಂದಾ ಕೂರುತ್ತಾಳೆ. ನಾನು ಅಡುಗೆಮನೆಗೂ ಅಲ್ಲ, ಹಿತ್ತಲಿನ ಕೋಣೆಗೆ. ಐವತ್ತೇಳನೇ ವಯಸ್ಸಿನಲ್ಲಿ.

ದಸರೆ ಆದ ಮೇಲೆ ತೋರಿಸಿದರಾಯಿತು. ಕ್ಯಾನ್ಸರ್ ಇದ್ದರೆ ಒಂದು ತಿಂಗಳಲ್ಲಿ ಓಡಿಹೋಗುವುದಿಲ್ಲ.

ಸೆಪ್ಟೆಂಬರ್ 18, ಗುರುವಾರ

ಸುನಂದಾ ಫೋನ್ ಮಾಡಿದಳು. ಮಗಳು ನಂದಿನಿಗೆ ದಸರೆಯ ನಡುವೆಯೇ ಡೇಟ್ ಬರುತ್ತದಂತೆ, ಮುಂದಕ್ಕೆ ಹಾಕುವ ಮಾತ್ರೆ ಬೇಕು. “ಇಲ್ಲಿ ಮೆಡಿಕಲ್ ಶಾಪಿನಾವ ನಮ್ಮವರ ದೋಸ್ತ್ ಅದಾನ ಅಕ್ಕಾ, ತಗೊಂಡ್ರ ಸಂಜಿಕ ಇವರಿಗಿ ಗೊತ್ತಾಗ್ತೈತಿ. ನೀವಾ ಬಳ್ಳಾರ್‍ಯಾಗ ತಗೊಂಡ್ ಬರ್ರಿ.”

ನಮ್ಮ ಓಣಿಯ ಮೆಡಿಕಲ್ ಶಾಪಿನ ರಾಮಾಂಜಿನಿ ಚೀಟಿಯನ್ನೇ ಕೇಳಲಿಲ್ಲ. ದಸರೆಗೆ ಮೊದಲು ಊರಿನ ಅರ್ಧ ಹೆಂಗಸರು ಇದನ್ನೇ ಕೇಳುತ್ತಾರೆ ಅಂತ ಕಾಣುತ್ತದೆ. ಮುಂದೆಯೇ ಗುಡ್ಡೆ ಹಾಕಿ ಇಟ್ಟಿದ್ದ.

“ಯಾರಿಗಕ್ಕಾ?”

“ಮೈದುನನ ಮಗಳಿಗಿ.”

“ಎಷ್ಟು ಕೊಡ್ಲಿ?”

“ಇಬ್ಬರಿಗಾಗುವಷ್ಟು ಕೊಡು. ಇಬ್ಬರು ಹುಡುಗ್ಯಾರು ಅದಾರ,” ಅಂದೆ.

ಮನೆಗೆ ಬಂದು ಒಂದು ನುಂಗಿದೆ. ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ, ಮುಟ್ಟು ನಿಂತವಳಿಗೆ. ನಗು ಬಂತು. ಯಾರಿಗಾದರೂ ಹೇಳಿ ನಗಬೇಕು ಅನ್ನಿಸಿತು, ಹೇಳುವಂಥವರು ಯಾರೂ ಇಲ್ಲ.

ಸೆಪ್ಟೆಂಬರ್ 22, ಸೋಮವಾರ. ಕುರುಗೋಡು

ನಿಂತಿದೆ. ನಿನ್ನೆಯಿಂದ ಒಂದು ಹನಿಯೂ ಇಲ್ಲ.

ಘಟ ಇಟ್ಟರು. ದೀಪ ನಾನೇ ಹಚ್ಚಿದೆ. ಹಚ್ಚಿದವಳೇ ಕಣ್ಣು ಮುಚ್ಚಿಕೊಂಡೆ. ಭಕ್ತಿ ಅಂತ ಎಲ್ಲರೂ ತಿಳಿದುಕೊಂಡರು.

ಸೆಪ್ಟೆಂಬರ್ 27, ಶನಿವಾರ

ಪಕ್ಕದ ಮನೆಯ ಜಡೆಮ್ಮ ಬಂದಿದ್ದಳು. ನನ್ನ ಮದುವೆಯಾಗಿ ನಾಲ್ಕೈದು ವರ್ಷವಾದಾಗ ಇದೇ ಜಡೆಮ್ಮ ಬೆಳಿಗ್ಗೆ ನಾನು ಎದುರಿಗೆ ಬಂದರೆ ವಾಪಸ್ ಒಳಗೆ ಹೋಗುತ್ತಿದ್ದಳು. ಇವತ್ತು ಹೊಸದಾಗಿ ಮದುವೆಯಾದ ಮೊಮ್ಮಗಳನ್ನು ಕರೆದುಕೊಂಡು ಬಂದು, “ದೀಪಕ್ಕ ಕುಂತಾಕಿ ನೀನು, ನಿನ್ನ ಕೈಯಾಗ ಒಂದು ಕಾಯಿ ಕೊಡವ್ವಾ, ಹುಡುಗಿ ಉಡಿ ತುಂಬಲಿ,” ಅಂದಳು. ಕೊಟ್ಟೆ. ಆ ಹುಡುಗಿ ಕಾಲು ಮುಟ್ಟಿದಳು. ಕಣ್ಣು ತುಂಬಿ ಬಂತು, ಅದು ನಿಜ. ಜಡೆಮ್ಮನಿಗೆ ಹಳೆಯದು ಒಂದೂ ನೆನಪಿಲ್ಲ. ಮನುಷ್ಯರು ಹಾಗೆಯೇ ಆರಾಮವಾಗಿ ಇರುತ್ತಾರೆ.

ಮಾತ್ರೆ ನುಂಗುವಾಗ ಸುನಂದಾ ನೋಡಿದಳು. ಶುಗರ್ ಮಾತ್ರೆ ಅಂದೆ. ಹೂಂ ಅಂದಳು.

ಅಕ್ಟೋಬರ್ 2, ಗುರುವಾರ

ಬನ್ನಿ ಮುಡಿದಾಯಿತು. ದೀಪ ಒಂದು ಸಲವೂ ಆರಲಿಲ್ಲ. ಹಂಪೇಶ್ ಎಲ್ಲರೆದುರು, “ಅವ್ವ ಇದ್ದಾಗಿನಕಿಂತ ಚೊಲೋ ಆತು ಅತ್ತಿಗಿ,” ಅಂದ. ಇವರ ಮುಖದಲ್ಲೂ ಹೆಮ್ಮೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇದು ನನ್ನ ಮೊದಲನೇ ದಸರೆ ಅನ್ನಿಸಿತು.

ಮಾತ್ರೆ ಮುಗಿದವು.

ಅಕ್ಟೋಬರ್ 5, ಭಾನುವಾರ. ಬಳ್ಳಾರಿ

ಬಂತು. ತಡೆಹಿಡಿದದ್ದೆಲ್ಲ ಒಟ್ಟಿಗೆ ಬಂದ ಹಾಗೆ. ಗಡ್ಡೆ ಗಡ್ಡೆ.

ನಾಳೆ ಡಾಕ್ಟರಿಗೆ ತೋರಿಸಬೇಕು.

ಅಕ್ಟೋಬರ್ 6, ಸೋಮವಾರ

ಹೋಗಲಿಲ್ಲ. ಯೂನಿಟ್‌ನಿಂದ ಲೋಡ್ ಕಳಿಸುವುದಿತ್ತು. ಅಲ್ಲದೆ ದೀಪಾವಳಿಗೆ ಮತ್ತೆ ಎಡೆ ನೀವೇ ಮಾಡಬೇಕು ಅಂತ ಹಂಪೇಶ್ ಫೋನ್ ಮಾಡಿದ್ದ. ಮತ್ತೆ ರಾಮಾಂಜಿನಿ ಹತ್ತಿರ ಹೋದೆ. ಈ ಸಲ ಯಾರಿಗೆ ಅಂತ ಅವನು ಕೇಳಲಿಲ್ಲ.

ನವೆಂಬರ್ 28, ಶುಕ್ರವಾರ. ಆಸ್ಪತ್ರೆ

ನಿನ್ನೆ ಯೂನಿಟ್‌ನಲ್ಲಿ ಕುರ್ಚಿಯಿಂದ ಏಳಲು ಹೋಗಿ ಬಿದ್ದೆ. ಎಚ್ಚರವಾದಾಗ ಕುರ್ಚಿ, ಸೀರೆ, ನೆಲ ಎಲ್ಲಾ ಕೆಂಪು. ಗಂಡಸರು ಬಾಗಿಲಿನ ಹತ್ತಿರ ಗುಂಪಾಗಿ ನಿಂತಿದ್ದರು. ಚೆಕಿಂಗ್ ಕೆಲಸದ ಮಾರೆಮ್ಮ, ರೂಪನಗುಡಿಯಿಂದ ಬರುವವಳು, ಜೀನ್ಸ್ ಬಟ್ಟೆಯ ಥಾನಿನಿಂದ ಉದ್ದಕ್ಕೆ ಕತ್ತರಿಸಿ ನನ್ನ ಸೊಂಟಕ್ಕೆ ಸುತ್ತಿದಳು. ಬಟ್ಟೆ ಹಾಳಾಯಿತು ಅಂತ ಮಾಲೀಕರು ಏನೋ ಅನ್ನಲು ಬಂದರು. “ನಿಮ್ಮ ಅವ್ವ ಬಿದ್ದಿದ್ರ ಥಾನ್ ನೋಡ್ತಿದ್ರೇನ್ರಿ?” ಅಂದಳು.

ರಕ್ತ ಏರಿಸಿದರು. ಸ್ಕ್ಯಾನ್ ಆಯಿತು. ಒಳಗಿನಿಂದ ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸಿದ್ದಾರೆ. ಇವರು ಬಂದರು, ಎಳನೀರು ತಂದಿದ್ದರು. ಯಾವಾಗಿನಿಂದ ಅಂತ ಕೇಳಲಿಲ್ಲ. ಹೆಂಗಸರ ವಿಷಯ ಅಂತ ಹೊರಗೆ ಹೋಗಿ ಕುಳಿತರು.

ಡಿಸೆಂಬರ್ 4, ಗುರುವಾರ

ಕ್ಯಾನ್ಸರೇ. ಗರ್ಭಕೋಶದ ಒಳಪದರದ್ದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೈಸೂರು ಕಡೆಯ ಮಾತು. ಇವರನ್ನೂ ಒಳಗೆ ಕರೆದು ಕೂರಿಸಿದರು. ಒಂದೊಂದೇ ಕೇಳುತ್ತಾ ಹೋದರು. ಮೊದಲನೇ ಸಲ ಮುಟ್ಟಾಗಿದ್ದು ಯಾವಾಗ? ನಿಂತದ್ದು ಯಾವಾಗ? ತಿಂಗಳು ತಿಂಗಳು ಸರಿಯಾಗಿ ಬರುತ್ತಿತ್ತಾ? ಎಷ್ಟು ಮಕ್ಕಳು? ಬಸಿರು ನಿಂತೇ ಇಲ್ವಾ, ನಿಂತು ಹೋಯಿತಾ? ಸಂಬಂಧಿಕರ ಮನೆಯ ಕಾರ್ಯಗಳಲ್ಲಿ ಮೂವತ್ತು ವರ್ಷದಿಂದ ಕೇಳಿದ ಪ್ರಶ್ನೆಗಳೇ. ಇಲ್ಲಿ ಬರೆದುಕೊಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

“ಈಸ್ಟ್ರೋಜನ್ ಅನ್ನೋ ಹಾರ್ಮೋನು ಈ ಪದರವನ್ನ ಬೆಳೆಸುತ್ತಾ ಇರುತ್ತೆ,” ಅಂದರು. “ಇನ್ನೊಂದು ಹಾರ್ಮೋನು ಅದನ್ನ ಹಿಡಿತದಲ್ಲಿ ಇಡುತ್ತೆ. ಬಸುರಿಯಾಗಿದ್ದಾಗ ಅದು ಹೆಚ್ಚಿರುತ್ತೆ, ಪದರಕ್ಕೆ ಬಿಡುವು ಸಿಗುತ್ತೆ. ನಿಮಗೆ ಮುಟ್ಟು ಬೇಗ ಶುರುವಾಗಿದೆ, ತಡವಾಗಿ ನಿಂತಿದೆ, ಮಕ್ಕಳಾಗಿಲ್ಲ, ತೂಕ ಇದೆ, ಶುಗರ್ ಇದೆ. ಇವೆಲ್ಲ ಅಪಾಯ ಹೆಚ್ಚಿಸುತ್ತವೆ. ಆದರೆ ಇದರಿಂದಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ. ಮಕ್ಕಳಿರೋರಿಗೂ ಬರುತ್ತೆ, ಇಲ್ಲದಿರೋ ಎಷ್ಟೋ ಜನಕ್ಕೆ ಬರೋದೇ ಇಲ್ಲ.”

“ಆ ಮಾತ್ರಿಯಿಂದ ಬಂತೇನ್ರಿ?” ಕೇಳಿದೆ. ಹೌದು ಅಂದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲು ಒಂದು ವಸ್ತು ಸಿಗುತ್ತಿತ್ತು.

“ಯಾವ ಮಾತ್ರೆ?”

ಹೇಳಿದೆ. ಜೂನ್‌ನಿಂದ ಎಲ್ಲಾ ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಮಾತ್ರೆಯಿಂದ ಬಂದಿಲ್ಲ. ಮಾತ್ರೆ ರಕ್ತವನ್ನ ಮರೆಮಾಡಿತು. ಜೂನ್‌ನಲ್ಲೇ ಬಂದಿದ್ದರೆ ಒಂದು ಆಪರೇಷನ್‌ಗೆ ಮುಗೀತಿತ್ತು ಅನ್ಸುತ್ತೆ. ಈಗ ಗೋಡೆಯೊಳಗೆ ಇಳಿದಿದೆ. ಗರ್ಭಕೋಶ, ಅಂಡಾಶಯ ಎರಡೂ ತೆಗೀಬೇಕು. ಆಮೇಲೆ ರೇಡಿಯೇಷನ್ ಬೇಕಾಗಬಹುದು. ತೆಗೆದು ನೋಡಿದ ಮೇಲೆ ಗೊತ್ತಾಗುತ್ತೆ.”

ವಾಪಸ್ ಬರುವಾಗ ಆಟೋದಲ್ಲಿ ಇವರು ರಿಪೋರ್ಟಿನ ಕವರನ್ನು ಮಡಚುತ್ತಾ, ಬಿಡಿಸುತ್ತಾ ಕೂತಿದ್ದರು. ಹೆದರಿದ್ದಾರೆ, ಪಾಪ ಅಂದುಕೊಂಡೆ. ಕೈ ಹಿಡಿಯೋಣ ಅಂತಲೂ ಅನ್ನಿಸಿತು. ಆಗ ಕೇಳಿದರು, “ದೀಪದ ಮುಂದ ಕುಂತಾಗೂ ಇತ್ತೇನು?”

“ಇರಲಿಲ್ಲ. ಮಾತ್ರಿ ತಗೊಂಡಿದ್ದೆ.”

“ಅಂದ್ರ ಒಳಗ ಇತ್ತು.”

“ಒಳಗ ಕ್ಯಾನ್ಸರ್ ಇತ್ತು,” ಅಂದೆ.

“ದೇವಿ ಮುಂದ ಸುಳ್ಳು ಕುಂತಿಯಲ್ಲ ನೀನು,” ಅಂದರು. ಅಷ್ಟೇ. ಮನೆ ಬಂತು.

ಡಿಸೆಂಬರ್ 7, ಭಾನುವಾರ

ಕುರುಗೋಡಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಾನು ಊಹಿಸಿದ್ದಕ್ಕಿಂತ ಬೇಗ. ಡಾಕ್ಟರಮ್ಮ ಅಷ್ಟು ಬಿಡಿಸಿ ಹೇಳಿದ್ದರಲ್ಲಿ ಇವರ ಕಿವಿಗೆ ಬಿದ್ದದ್ದು ಅರ್ಧ ಮಾತು. “ಮಕ್ಕಳಿಲ್ಲದವರಿಗಿ ಬರೋ ರೋಗಂತ.” ಜಡೆಮ್ಮನವರೆಗೂ ಹೋಗಿ ಮುಟ್ಟಿರಬೇಕು. ಮೊಮ್ಮಗಳ ಉಡಿಯ ಕಾಯಿ ತೆಗೆದು ಎಸೆದಿರುತ್ತಾಳೆ.

ಮಕ್ಕಳಾಗದ್ದು ಯಾರಿಂದ ಅಂತ ಯಾರಿಗೂ ಗೊತ್ತಿಲ್ಲ. ಆ ದಿನಗಳಲ್ಲಿ ನಾನು ಸಿರುಗುಪ್ಪ, ಬಳ್ಳಾರಿ, ಹುಬ್ಬಳ್ಳಿ ಎಲ್ಲಾ ಕಡೆ ತೋರಿಸಿಕೊಂಡೆ. ಎಲ್ಲಾ ಡಾಕ್ಟರೂ ಗಂಡನನ್ನು ಕಳಿಸಿ ಅಂದರು. ಇವರು, ಉಜ್ಜಿನಪ್ಪನವರು, ಒಂದು ಸಲವೂ ಹೋಗಲಿಲ್ಲ. ಗಂಡಸಿಗೆ ಏನು ಟೆಸ್ಟು ಅಂದರು ಅತ್ತೆ. ಈಗ ಅದಕ್ಕೂ ಇದಕ್ಕೂ ಗಂಟು ಹಾಕಿ, ರೋಗವೂ ನನ್ನದೇ, ತಪ್ಪೂ ನನ್ನದೇ ಅಂತ ತೀರ್ಮಾನವಾಗಿದೆ.

ಡಿಸೆಂಬರ್ 11, ಗುರುವಾರ

ಆಪರೇಷನ್ ಮಂಗಳವಾರ, ಹದಿನಾರಕ್ಕೆ.

ಹಂಪೇಶ್ ಫೋನ್ ಮಾಡಿದ್ದ, ಸ್ಪೀಕರ್‌ನಲ್ಲಿ. ಅಯ್ಯನವರನ್ನು ಕೇಳಿದ್ದಾರಂತೆ. ದೇವರ ಮನೆ ಶುದ್ಧಿ ಆಗಬೇಕು, ದೇವಿಗೆ ತಪ್ಪುಕಾಣಿಕೆ ಸಲ್ಲಬೇಕು, ಹಿರಿಯ ಮಗನೇ ಕೂರಬೇಕು. ಮಂಗಳವಾರ ಹದಿನಾರಕ್ಕೆ ಒಳ್ಳೆಯ ದಿನ ಇದೆ.

“ಅವತ್ತ ನನ್ನ ಆಪರೇಷನ್ ಐತಿ,” ಅಂದೆ.

“ಅದಕ್ಕಾ ಅತ್ತಿಗಿ. ಇತ್ಲಾಗ ಶುದ್ಧಿ ಆದ್ರ ಅತ್ಲಾಗ ನಿಮಗೂ ಚೊಲೋ ಆಗ್ತೈತಿ.”

ಇವರ ಕಡೆ ನೋಡಿದೆ. “ಆಪರೇಷನ್ ಡಾಕ್ಟರ್ ಮಾಡ್ತಾರ,” ಅಂದರು. “ನಾ ಅಲ್ಲಿ ಬಾಗಿಲದಾಗ ಕುಂತು ಏನ್ ಮಾಡ್ಲಿ? ಶುದ್ಧಿ ಮುಗಿಸಿ ಮಧ್ಯಾಹ್ನ ಬರ್ತೀನಿ. ಹೆಂಗೂ ಉಪಯೋಗಕ್ಕ ಬಂದಿದ್ದಲ್ಲ ಅದು, ತಗಸಿಬಿಟ್ರ ಆತು.”

ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ಸಮಾಧಾನ ಹೇಳಿದ್ದು ಅದು. ಅದಕ್ಕೇ ಬೈಯಲೂ ಬರುವುದಿಲ್ಲ.

ಡಿಸೆಂಬರ್ 16, ಮಂಗಳವಾರ. ಆಸ್ಪತ್ರೆ, ಬೆಳಿಗ್ಗೆ

ಹಸಿರು ಗೌನು ಕೊಟ್ಟಿದ್ದಾರೆ. ಎನಿಮಾ ಆಯಿತು. ಇವರು ಮೊದಲನೇ ಬಸ್ಸಿಗೇ ಕುರುಗೋಡಿಗೆ ಹೋದರು. ಸಹಿ ಮಾಡಬೇಕಾದಲ್ಲೆಲ್ಲ ನಾನೇ ಮಾಡಿದೆ. ತಮ್ಮ ಜಡೆಪ್ಪ ಸಿರುಗುಪ್ಪದಿಂದ ಸಂಜೆ ಬರುತ್ತಾನಂತೆ. ಮಗಳ ಬಾಣಂತನ.

ಮೈಮೇಲೆ ಏನೂ ಇರಬಾರದು, ಎಲ್ಲ ಬಿಚ್ಚಿ ನಿಮ್ಮ ಕಡೆಯವರಿಗೆ ಕೊಡಿ ಅಂದರು ಸಿಸ್ಟರ್. ತಾಳಿ, ಬಳೆ, ಕಿವಿಯದು, ಕೊರಳಿನ ಲಿಂಗ. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಕೂತೆ. ಯಾರಿಗೆ ಕೊಡಲಿ?

ಅಷ್ಟರಲ್ಲಿ ಸುನಂದಾ ಬಂದಳು. ತಲೆ ಇನ್ನೂ ಒದ್ದೆ. ಶುದ್ಧಿಗೆ ಅಂತ ಎರೆದುಕೊಂಡವಳು ಹಾಗೇ ಬಸ್ ಹತ್ತಿ ಬಂದಿದ್ದಾಳೆ.

“ಅಲ್ಲಿ ಯಾರು ಅದಾರ?” ಅಂದೆ.

“ನಂದಿನಿ ನೋಡ್ಕೊಂತಾಳ. ತವರಾಗ ಆರಾಮಿಲ್ಲಂತ ಸುಳ್ಳು ಹೇಳಿ ಬಂದೀನಿ,” ಅಂದಳು. ಒಡವೆ, ಲಿಂಗ ಎಲ್ಲವನ್ನೂ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ನನ್ನ ಫೋನನ್ನೂ ಇಸಿದುಕೊಂಡಳು. ಮಂಚದ ತುದಿಯಲ್ಲಿ ಕುಳಿತು ನನ್ನ ಕಾಲು ಒತ್ತಿದಳು. ಆಮೇಲೆ ಬಾಗಿಲ ಕಡೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು.

“ಅಕ್ಕಾ, ನಂಗೂ ಕಾಣಾಕತ್ತೈತಿ. ದೀಪಾವಳಿಯಿಂದ.”

“ಎಷ್ಟು?”

“ಹನಿ ಹನಿ. ನಿಮ್ಮಷ್ಟಿಲ್ಲ. ಅದೇನು ಇದಾ ರೋಗ ಅಲ್ಲ ಬಿಡ್ರಿ, ಮೂರು ಹಡದೀನಿ ನಾನು. ಹಡದವರಿಗಿ ಬರಂಗಿಲ್ಲಂತಲ್ಲ. ಮುಂದಿನ ದಸರಿಗಿ ದೀಪಕ್ಕ ನನ್ನ ಕುಂದ್ರಸ್ತಾರಂತ... ಅದಕ್ಕ ಯಾರ ಮುಂದೂ ಅಂದಿಲ್ಲ.”

ಎಂಥ ಕೋಪ ಬಂತೆಂದರೆ, ಎದ್ದು ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವಳ ಮೇಲೋ, ಇವರ ಮೇಲೋ, ನನ್ನ ಮೇಲೋ ಗೊತ್ತಾಗಲಿಲ್ಲ.

“ಹಡದ್ರ ಕಡಿಮಿ ಬರ್ತೈತಿ ಅಂದಾರ. ಬರಂಗೇ ಇಲ್ಲ ಅಂತ ಯಾರೂ ಅಂದಿಲ್ಲ,” ಅಂದೆ. “ಕೆಳಗ ಓಪಿಡಿ ಐತಿ. ಈಗ ಹೋಗಿ ಚೀಟಿ ಮಾಡಿಸು.”

“ಮೊದಲ ನಿಮ್ಮ ಆಪರೇಷನ್ ಮುಗೀಲಿ ಅಕ್ಕಾ. ಇಲ್ಲಿ ಒಬ್ಬರರ ಇರಬೇಕಲ್ಲ.”

“ನೀ ಇಲ್ಲಿ ಕುಂತ್ರ ನನ್ನ ಗಡ್ಡಿ ಸಣ್ಣದಾಗ್ತೈತೇನು? ಇವತ್ತ ಹೋಗಲಿಲ್ಲಂದ್ರ ನೀ ಎಂದೂ ಹೋಗಂಗಿಲ್ಲ. ನಂಗ ಗೊತ್ತೈತಿ. ಬರೇ ಕಾಣಿಸಿದ್ದು ಕ್ಯಾನ್ಸರ್ ಇರಾಕಬೇಕಂತ ಇಲ್ಲ, ಏನೂ ಇಲ್ಲ ಅಂತ ಅವರ ಬಾಯಿಲೆ ಕೇಳ್ಕೊಂಡು ಬಾ.”

ಅತ್ತಳು. ಹಂಪೇಶನಿಗೆ ಗೊತ್ತಾದರೆ ಅಂದಳು. ನಂದಿನಿಯ ಮದುವೆ ಮಾತು ನಡೆದಿದೆ ಅಂದಳು. ಬೈದೆ. ಈ ಮನೆಗೆ ಬಂದ ಮೇಲೆ ಅವಳಿಗೆ ನಾನು ಅಷ್ಟು ಬೈದದ್ದು ಇದೇ ಮೊದಲು. ಸೆರಗಿನ ಗಂಟು ಬಿಗಿಯಾಗಿ ಹಿಡಿದುಕೊಂಡು, ಮುಖ ಗಂಟು ಹಾಕಿಕೊಂಡು ಹೋದಳು.

ಪೇಶಂಟ್ ಕಡೆಯವರು ಎಲ್ಲಿ ಅಂತ ಸಿಸ್ಟರ್ ಬಂದು ಕೇಳಿದರು. ಕೆಳಗೆ ಸಾಲಿನಲ್ಲಿ ನಿಂತಿದ್ದಾರೆ ಅಂದೆ. ನಿಂತಿದ್ದಾಳೋ, ಕುರುಗೋಡಿನ ಬಸ್ ಹತ್ತಿದಳೋ ಗೊತ್ತಿಲ್ಲ. ಕೇಳೋಣವೆಂದರೆ ಫೋನ್ ಅವಳ ಹತ್ತಿರವೇ ಇದೆ. ಭಯವಾಗುತ್ತಿದೆ. ಬದುಕಬೇಕು ಅನ್ನಿಸುತ್ತಿದೆ, ಇಷ್ಟು ದಿನ ಹಾಗೆ ಬರೆಯಲು ಆಗಿರಲಿಲ್ಲ.

ಸ್ಟ್ರೆಚರ್ ಬಂತು. ಅರಿವಳಿಕೆ ಕೊಡುವ ಮೊದಲೇ ಡಾಕ್ಟರಮ್ಮನಿಗೆ ಹೇಳಿಬಿಡಬೇಕು. ಹೆಸರು ಸುನಂದಾ, ಊರು ಕುರುಗೋಡು, ಐವತ್ತೊಂದು ವರ್ಷ, ಮುಟ್ಟು ನಿಂತು ಮೂರು ವರ್ಷ, ದೀಪಾವಳಿಯಿಂದ ಮತ್ತೆ ರಕ್ತ...